ಏಡಿ ಕಾಲಿಗೆ ಬೆಣ್ಣೆ ಹಚ್ಚಿ, ಮೊದಲು ಹೊಟ್ಟೆ ತಿರುಗಿಸಿ ನೋಡಿ

ಮೊಬೈಲಿನಲ್ಲಿ ಈಗ ಒಂದು ಬಗೆಯ ವಿಡಿಯೋ ತುಂಬಾ ಓಡಾಡುತ್ತಿದೆ. ಕೈ ಉದ್ದದ ಕೆಂಪು ಏಡಿ ಕಾಲುಗಳನ್ನು ಯಾರೋ ಕೆಂಡದ ಮೇಲೆ ಸಾಲಾಗಿ ಇಡುತ್ತಾರೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಬೆಣ್ಣೆಯನ್ನು ಮೇಲೆ ಸುರಿಯುತ್ತಾರೆ. ಐದು ನಿಮಿಷಕ್ಕೆ ಕತ್ತರಿ ಹಿಡಿದು ಚಿಪ್ಪು ಸೀಳಿ, ಬಿಳಿ ಮಾಂಸವನ್ನು ಇಡಿಯಾಗಿ ಎಳೆದು ತೆಗೆಯುತ್ತಾರೆ. ಕುಮಟಾ, ಹೊನ್ನಾವರ, ಅಂಕೋಲಾ ಕಡೆಯ ಹುಡುಗರ ಸ್ಟೇಟಸ್‌ನಲ್ಲೂ ಇದೇ. ನೋಡಿ ಸುಮ್ಮನಿರಲು ಆಗದವರು ಹೊಳೆ ಏಡಿ ತಂದು ಹಿತ್ತಿಲಲ್ಲಿ ಕೆಂಡ ಹಾಕಿದ್ದಾರೆ. ಮೇಲೆ ಕಪ್ಪಾಯಿತು, ಒಳಗೆ ಹಸಿ ಉಳಿಯಿತು, ಬೆಣ್ಣೆ ಸುಟ್ಟು ಕಹಿಯಾಯಿತು ಎಂದು ಬೈದುಕೊಂಡಿದ್ದಾರೆ.

ಮಾಡಬೇಡಿ ಎನ್ನಲು ನಾನು ಇದನ್ನು ಬರೆಯುತ್ತಿಲ್ಲ. ಮಾಡಿ, ಖಂಡಿತ ಮಾಡಿ. ಹೊಳೆ ಪಕ್ಕದ ಊರಿನವರು ಒಳ್ಳೆಯ ಏಡಿಯನ್ನೆಲ್ಲ ಹೊರಗೆ ಕಳಿಸಿ, ತಾವು ಬಂಗಡೆ ಸಾರಿನಲ್ಲೇ ಮುಗಿಸಬೇಕು ಎಂದು ಎಲ್ಲಿ ಬರೆದಿದೆ? ಆದರೆ ಆ ವಿಡಿಯೋ ಎರಡು ಸಂಗತಿ ಹೇಳುವುದಿಲ್ಲ. ಒಂದು ಅಡುಗೆಯದು, ಇನ್ನೊಂದು ಹೊಳೆಯದು. ಎರಡನೆಯದು ನನಗೆ ಹೆಚ್ಚು ಮುಖ್ಯ. ಆದರೂ ಅಡುಗೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಓದುವವರಿಗೆ ಬೇಕಿರುವುದು ಅದು ಎಂದು ಗೊತ್ತು.

ಆ ಉದ್ದ ಕಾಲುಗಳು ಅಲಾಸ್ಕಾ ಕಡೆಯ ತಣ್ಣನೆಯ ಸಮುದ್ರದ ಕಿಂಗ್ ಏಡಿ ಅಥವಾ ಸ್ನೋ ಏಡಿಯವು. ಕಿಂಗ್ ಏಡಿ ಕಾಲು ಚಾಚಿದರೆ ಐದು ಅಡಿ ದಾಟುವುದುಂಟು. ಅದು ನಿಜವಾದ ಏಡಿಯೂ ಅಲ್ಲ, ನಮ್ಮ ಕಡಲ ದಂಡೆಯಲ್ಲಿ ಶಂಖದ ಚಿಪ್ಪು ಹೊತ್ತು ಓಡಾಡುವ ಪುಟ್ಟ ಜೀವಿಯ ದಾಯಾದಿ. ಅದರ ಮಾಂಸವೆಲ್ಲ ಕಾಲಿನಲ್ಲಿ. ಹಿಡಿದ ಮೇಲೆ ಅದನ್ನು ಕಾರ್ಖಾನೆಯಲ್ಲಿ ಬೇಯಿಸಿ, ಆಮೇಲೆ ಹಿಮಗಟ್ಟಿಸಿ ಅಂಗಡಿಗೆ ಕಳಿಸುತ್ತಾರೆ. ಅಂದರೆ ಅಮೆರಿಕದವರು ಮನೆಯಲ್ಲಿ ಕೆಂಡದ ಮೇಲೆ ಇಡುವ ಕಾಲು ಬಹುಮಟ್ಟಿಗೆ ಆಗಲೇ ಬೆಂದದ್ದು. ಅವರು ಬಿಸಿ ಮಾಡುತ್ತಾರೆ ಅಷ್ಟೆ, ಹೊಗೆಯ ವಾಸನೆ ಹಿಡಿಸುತ್ತಾರೆ. ಐದು ನಿಮಿಷದ ಗುಟ್ಟು ಇಷ್ಟೇ.

ನಮ್ಮ ಏಡಿ ಹಾಗಲ್ಲ. ಅದು ಬುಟ್ಟಿಯಲ್ಲಿ ಜೀವಂತ ಬರುತ್ತದೆ, ಪೂರ್ತಿ ಹಸಿ. ಹೊಳೆ ಏಡಿಯ ಮಾಂಸ ಇರುವುದು ಮುಂದಿನ ಎರಡು ಇಕ್ಕಳದ ಕಾಲಿನಲ್ಲಿ ಮತ್ತು ನಡುವಿನ ಗೂಡಿನಲ್ಲಿ. ಸಣ್ಣ ಕಾಲುಗಳಲ್ಲಿ ಚೀಪುವಷ್ಟು ಮಾತ್ರ. ಹಿಂದಿನ ಜೋಡಿ ಹುಟ್ಟಿನ ಹಾಗೆ ಚಪ್ಪಟೆ ಇರುತ್ತದಲ್ಲ, ಈಜುವ ಕಾಲು, ಅದರ ಬುಡದಲ್ಲಿ ಒಂದು ಉಂಡೆ ಮಾಂಸ ಇರುತ್ತದೆ. ತಿಳಿದವರು ಅದನ್ನು ಯಾರಿಗೂ ಬಿಡುವುದಿಲ್ಲ. ಚಿಪ್ಪು ದಪ್ಪ, ಹಾಗಾಗಿ ಕೆಂಡದ ಬಿಸಿ ಒಳಗೆ ಇಳಿಯುವ ಹೊತ್ತಿಗೆ ಹೊರಗೆ ಇದ್ದಿಲಾಗಿರುತ್ತದೆ. ಆದ್ದರಿಂದ ನಮ್ಮ ಏಡಿಯನ್ನು ಮೊದಲು ಬೇಯಿಸಿ, ಆಮೇಲೆ ಸುಡಬೇಕು.

ಜೀವಂತ ಏಡಿಯನ್ನು ಮೀನಿನ ಐಸಿನಲ್ಲಿ ಅರ್ಧ ಗಂಟೆ ಹೂತಿಡಿ. ಅದು ಮರಗಟ್ಟುತ್ತದೆ, ನಿಮ್ಮ ಬೆರಳೂ ಉಳಿಯುತ್ತದೆ, ಅದಕ್ಕೂ ಹಿಂಸೆ ಕಡಿಮೆ. ಹೊಟ್ಟೆಯ ಮುಚ್ಚಳ ಕಿತ್ತು, ಮೇಲಿನ ಚಿಪ್ಪು ಎತ್ತಿ, ಎರಡೂ ಬದಿಯ ಬೂದು ಬಣ್ಣದ ಕಿವಿರು ತೆಗೆದು, ತೊಳೆದು, ನಡುವೆ ಎರಡು ಹೋಳು ಮಾಡಿ. ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಏಳೆಂಟು ನಿಮಿಷ ಬೇಯಲಿ. ಚಿಪ್ಪು ಎಲ್ಲ ಕಡೆ ಕೆಂಪಾಗಬೇಕು, ಮಾಂಸ ಗಾಜಿನಂತೆ ಕಾಣುವುದು ಬಿಟ್ಟು ಬೆಳ್ಳಗಾಗಬೇಕು. ತೆಗೆದು ನೀರು ಬಸಿದು, ಇಕ್ಕಳದ ಕಾಲಿಗೆ ಒರಳು ಗುಂಡಿನಿಂದ ಒಂದೊಂದು ಪೆಟ್ಟು ಕೊಡಿ. ಚಿಪ್ಪು ಬಿರಿಯಬೇಕು, ಪುಡಿ ಆಗಬಾರದು. ಆ ಬಿರುಕಿನಲ್ಲೇ ಬೆಣ್ಣೆ ಒಳಗೆ ಇಳಿಯುವುದು.

ಕೆಂಡಕ್ಕೆ ತೆಂಗಿನ ಕರಟದಷ್ಟು ಒಳ್ಳೆಯದು ಬೇರೆ ಇಲ್ಲ. ಉರಿ ಆರಿ, ಮೇಲೆ ಬಿಳಿ ಬೂದಿ ಕಟ್ಟಿದ ಮೇಲೆ ಜಾಲರಿ ಇಡಿ. ಉರಿಯ ಮೇಲೆ ಇಟ್ಟರೆ ಮಸಿ. ಒಂದೊಂದು ಬದಿಗೆ ಎರಡು ನಿಮಿಷ ಸಾಕು. ಬಾಗಿಲು ಹಾಕಿದ ಅಡುಗೆ ಕೋಣೆಯಲ್ಲಿ ಮಾತ್ರ ಕೆಂಡ ಹಾಕಬೇಡಿ. ಆ ಗಾಳಿ ವಾಸನೆ ಇಲ್ಲದ ವಿಷ.

ಇನ್ನು ಬೆಣ್ಣೆ. ಕಡೆದು ತೆಗೆದ ಮನೆ ಬೆಣ್ಣೆಯಲ್ಲಿ ನೀರು, ಮಜ್ಜಿಗೆಯ ಅಂಶ ಉಳಿದಿರುತ್ತದೆ. ಕೆಂಡಕ್ಕೆ ಬಿದ್ದರೆ ಅದೇ ಸುಟ್ಟು ಕಹಿಯಾಗುವುದು. ಅಮೆರಿಕದವರು ಏಡಿಗೆ ಅದ್ದಿಕೊಳ್ಳುವ ಬೆಣ್ಣೆಯನ್ನು ಕರಗಿಸಿ, ನೊರೆ ತೆಗೆದು, ತಳದ ಗಸಿ ಬಿಟ್ಟು ತಿಳಿಯನ್ನು ಮಾತ್ರ ಬಳಸುವುದುಂಟು. ನಮ್ಮ ಅಜ್ಜಿಯಂದಿರಿಗೆ ತೋರಿಸಿದರೆ, ಇದು ತುಪ್ಪ ಆಗುವುದಕ್ಕೆ ಸ್ವಲ್ಪ ಮೊದಲೇ ಒಲೆಯಿಂದ ಇಳಿಸಿದ್ದು, ಅಷ್ಟೇ ತಾನೆ ಎನ್ನುತ್ತಾರೆ. ಸರಿಯೇ. ಹಾಗಾಗಿ ಅರ್ಧ ಬೆಣ್ಣೆ, ಅರ್ಧ ತುಪ್ಪ ಸೇರಿಸಿ. ಎರಡು ಏಡಿಗೆ ಎರಡೂ ಸೇರಿ ನೂರು ಗ್ರಾಂ ಸಾಕು. ಸಣ್ಣ ಉರಿಯಲ್ಲಿ ಕರಗಿಸಿ, ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಪರಿಮಳ ಬಂದ ಕೂಡಲೇ, ಕೆಂಪಾಗುವ ಮೊದಲೇ ಇಳಿಸಿ. ಕುಟ್ಟಿದ ಕಾಳುಮೆಣಸು ಒಂದು ಚಮಚ, ಎರಡು ಸೂಜಿಮೆಣಸು. ಹುಳಿಗೆ ಅವರು ನಿಂಬೆ ಹಿಂಡುತ್ತಾರೆ, ನಾನು ಮುರುಗಲು ಸಿಪ್ಪೆ ನೆನೆಸಿದ ಗಟ್ಟಿ ನೀರು ಎರಡು ಚಮಚ ಹಾಕುತ್ತೇನೆ. ಬೆಣ್ಣೆಯ ಜಿಡ್ಡಿಗೆ ಅದರ ಒಗರು ಚೆನ್ನಾಗಿ ಹೊಂದುತ್ತದೆ. ಪ್ಯಾಕೆಟ್ ಬೆಣ್ಣೆಯಾದರೆ ಉಪ್ಪು ಇದೆಯೋ ಎಂದು ನೋಡಿಕೊಂಡು ಉಪ್ಪು ಹಾಕಿ. ಅರ್ಧವನ್ನು ಬಾಳೆ ಎಲೆಯ ತುಂಡಿನಿಂದ ಕೆಂಡದ ಮೇಲಿನ ಏಡಿಗೆ ಸವರಿ, ಉಳಿದರ್ಧ ಬಟ್ಟಲಲ್ಲಿ ಅದ್ದಿಕೊಳ್ಳಲು.

ಇಷ್ಟು ಹೇಳಿದರೆ ಮನೆಯ ಹಿರಿಯರು ಒಂದು ಮಾತು ತೆಗೆಯುತ್ತಾರೆ. ಮೀನು, ಏಡಿಯ ಜೊತೆ ಹಾಲು, ಬೆಣ್ಣೆ ತಿಂದರೆ ತೊನ್ನು ಬರುತ್ತದೆ. ಇದನ್ನು ಇಲ್ಲಿ ಬಿಡದೆ ಹೇಳಬೇಕು. ತೊನ್ನು ಬರುವುದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುವುದರಿಂದ, ಬಹಳಷ್ಟು ಸಲ ದೇಹದ ರಕ್ಷಣಾ ವ್ಯವಸ್ಥೆಯೇ ಅವುಗಳ ಮೇಲೆ ತಿರುಗಿ ಬೀಳುವುದರಿಂದ. ಅದು ಅಂಟುರೋಗವಲ್ಲ, ತಿಂದದ್ದರಿಂದ ಬರುವುದೂ ಅಲ್ಲ. ಬಂಗಾಳದಲ್ಲಿ ಮೊಸರಿನಲ್ಲೇ ಮೀನು ಬೇಯಿಸುತ್ತಾರೆ. ನಮ್ಮದೇ ಕುಂದಾಪುರ ಕಡೆಯ ತುಪ್ಪದ ರೋಸ್ಟ್ ಕೋಳಿಯಿಂದ ಸಿಗಡಿಗೆ, ಸಿಗಡಿಯಿಂದ ಏಡಿಗೆ ಹಬ್ಬಿ ಎಷ್ಟೋ ಕಾಲವಾಯಿತು. ಈ ನಂಬಿಕೆಯಿಂದ ಬೆಣ್ಣೆ ತಪ್ಪಿದರೆ ಅಂಥ ನಷ್ಟವೇನಿಲ್ಲ. ಆದರೆ ತೊನ್ನು ಇರುವ ಹುಡುಗಿಯನ್ನು ನೋಡಲು ಬಂದವರು, ಇವಳ ತಾಯಿ ಬಸುರಿಯಲ್ಲಿ ಏನು ತಿಂದಿದ್ದಳೋ ಎಂದು ಪಿಸುಗುಡುತ್ತಾರಲ್ಲ, ಅದು ನಷ್ಟ. ಏಡಿಯಿಂದ ನಿಜವಾಗಿ ಆಗುವ ತೊಂದರೆ ಬೇರೆ. ಕೆಲವರಿಗೆ ಏಡಿ, ಸಿಗಡಿ ಮೈಗೆ ಆಗುವುದಿಲ್ಲ. ತುಟಿ ಊದುತ್ತದೆ, ಉಸಿರು ಕಟ್ಟುತ್ತದೆ. ಅಂಥವರಿಗೆ ಬಲವಂತ ಮಾಡಬೇಡಿ, ತುಟಿ ಊದಿದರೆ ಆಸ್ಪತ್ರೆಗೆ ತಡ ಮಾಡಬೇಡಿ. ಸತ್ತು ಎಷ್ಟು ಹೊತ್ತಾಯಿತೋ ಗೊತ್ತಿಲ್ಲದ ಏಡಿಯನ್ನೂ ಕೊಳ್ಳಬೇಡಿ, ಅದು ಬಹಳ ಬೇಗ ಕೆಡುತ್ತದೆ.

ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ಗದ್ದೆ, ಹಳ್ಳದ ಏಡಿಯನ್ನು ದನ ಕಾಯುವ ಮಕ್ಕಳು ಬೆಂಕಿಗೆ ಎಸೆದು ಅರೆಬರೆ ಸುಟ್ಟು ತಿನ್ನುವುದುಂಟು. ಸಿಹಿನೀರಿನ ಏಡಿಯಲ್ಲಿ ಶ್ವಾಸಕೋಶಕ್ಕೆ ಹೋಗಿ ಕೂರುವ ಒಂದು ಹುಳು ಇರಬಹುದು. ಮಣಿಪುರ ಕಡೆ ಅದರಿಂದ ಕೆಮ್ಮಿ ರಕ್ತ ಬಂದವರಿಗೆ ಕ್ಷಯವೆಂದು ತಿಳಿದು ಔಷಧಿ ಕೊಟ್ಟ ಉದಾಹರಣೆಗಳಿವೆ. ಚೆನ್ನಾಗಿ ಬೇಯಿಸಿದರೆ ಹುಳು ಸಾಯುತ್ತದೆ. ಬೆಣ್ಣೆ ಇರಲಿ, ಬಿಡಲಿ, ಕುದಿಸುವುದನ್ನು ಬಿಡಬೇಡಿ.

ಈಗ ಹೊಳೆಯ ಸಂಗತಿ.

ಏಡಿ ಕೊಳ್ಳುವಾಗ ಅದನ್ನು ಮಗುಚಿ ಹೊಟ್ಟೆ ನೋಡಿ. ಮುಚ್ಚಳ ಕಿರಿದಾಗಿ ಮೂರು ಮೂಲೆಯಾಗಿದ್ದರೆ ಗಂಡು. ಅಗಲವಾಗಿ, ಗುಂಡಾಗಿ ಇದ್ದರೆ ಹೆಣ್ಣು. ಆ ಮುಚ್ಚಳದ ಕೆಳಗೆ ಹಳದಿಯೋ ಕಿತ್ತಳೆಯೋ ಕಂದೋ ಬಣ್ಣದ, ರಾಗಿಗಿಂತ ಸಣ್ಣ ಕಾಳುಗಳ ಗೊಂಚಲು ತುಂಬಿಕೊಂಡಿದ್ದರೆ ಅದು ಮೊಟ್ಟೆ ಹೊತ್ತ ತಾಯಿ. ದೊಡ್ಡ ಹೊಳೆ ಏಡಿಯೊಂದು ಹೀಗೆ ಹೊರುವ ಮೊಟ್ಟೆ ಹತ್ತು ಲಕ್ಷ ದಾಟುತ್ತದೆ. ಹೊಳೆಯಲ್ಲಿ ಬೆಳೆದ ಹೆಣ್ಣು ಮೊಟ್ಟೆ ಬಿಡಲು ಸಮುದ್ರಕ್ಕೆ ಇಳಿಯುತ್ತದೆ. ಮರಿಗಳು ಅಲ್ಲಿ ಒಡೆದು, ಅಲೆಯ ಜೊತೆ ತಿರುಗಿ ಅಳಿವೆಗೆ ಬಂದು, ಕಾಂಡ್ಲಾ ಗಿಡದ ಬೇರಿನ ಸಂದಿಯಲ್ಲಿ ದೊಡ್ಡದಾಗುತ್ತವೆ. ಲಕ್ಷದಲ್ಲಿ ಉಳಿಯುವುದು ಬೆರಳೆಣಿಕೆ. ಅದಕ್ಕೇ ಅದು ಅಷ್ಟು ಮೊಟ್ಟೆ ಇಡುವುದು.

ಚಿಪ್ಪಿನ ಒಳಗೆ ಇರುವ ಕೆಂಪು ಬೇರೆ, ಹೊಟ್ಟೆಯ ಹೊರಗೆ ಅಂಟಿದ ಈ ಗೊಂಚಲು ಬೇರೆ. ಜನ ಎರಡನ್ನೂ ಮೊಟ್ಟೆ ಎಂದೇ ಕರೆದು, ಮೊಟ್ಟೆ ಇರುವ ಏಡಿಗೆ ರುಚಿ ಹೆಚ್ಚು ಎನ್ನುತ್ತಾರೆ. ಒಳಗಿನ ಕೆಂಪಿಗೆ ರುಚಿ ಇದೆ, ಒಪ್ಪಿದೆ. ಹೊರಗಿನ ಗೊಂಚಲಲ್ಲಿ ಏನು ರುಚಿ? ಹೆಚ್ಚಿನವರು ಅದನ್ನು ಕಿತ್ತು ಬಚ್ಚಲಿಗೆ ಎಸೆಯುತ್ತಾರೆ. ಆದರೂ ಅದು ಮಾರಾಟವಾಗುತ್ತದೆ. ನಾನು ಒಮ್ಮೆ ಪೇಟೆಯಲ್ಲಿ ಏಡಿ ಮಾರುವ ಅಕ್ಕನನ್ನು, ಇದನ್ನು ಯಾಕೆ ತಂದಿರಿ ಎಂದು ಕೇಳಿದೆ. "ತಮಾ, ಗಿರಾಕಿ ಇದನ್ನೇ ಕೇಳ್ತ್ರು. ನಾ ಹೊಳೆಗೆ ಬಿಟ್ಟು ಬಂದ್ರೆ ನಂಗೆ ದುಡ್ಡು ಯಾರು ಕೊಡ್ತ್ರು?" ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಕೆಸರಿನಲ್ಲಿ ಮೊಣಕಾಲು ಹೂತು, ಕಬ್ಬಿಣದ ಕೊಕ್ಕೆ ಹಿಡಿದು ಬಿಲ ಹುಡುಕುವವರಿಗೆ ಪರಿಸರದ ಪಾಠ ಹೇಳುವ ಅರ್ಹತೆ ಬೈಕಿನಲ್ಲಿ ಹೋಗಿ ಕಿಲೋ ಲೆಕ್ಕದಲ್ಲಿ ಕೊಳ್ಳುವ ನಮಗಿಲ್ಲ.

ನನ್ನ ವಾದ ಇಲ್ಲೇ ಇರುವುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಮ್ಮಲ್ಲಿ ನಿಷೇಧ ಇದೆ. ಹೊಳೆಯಲ್ಲಿ ಕೈಯಿಂದ, ಸಣ್ಣ ಬಲೆಯಿಂದ ಹಿಡಿಯುವವರಿಗೆ ಅದು ತಾಗುವುದಿಲ್ಲ, ತಾಗಲೂಬಾರದು. ಮಳೆಗಾಲದಲ್ಲಿ ಆ ಮನೆಗಳ ಒಲೆ ಉರಿಯುವುದೇ ಅದರಿಂದ. ಅವರ ಮೇಲೆ ಇನ್ನೊಂದು ಕಾನೂನು ಹೇರಿ, ಇನ್ನೊಬ್ಬ ಇಲಾಖೆಯವರನ್ನು ದಂಡೆಗೆ ಕಳಿಸಿದರೆ ಏಡಿ ಉಳಿಯುವುದಿಲ್ಲ, ಲಂಚ ಬೆಳೆಯುತ್ತದೆ. ತಡೆ ಇರಬೇಕಾದ್ದು ಕೊಳ್ಳುವ ಕೈಯಲ್ಲಿ. ಮೊಟ್ಟೆ ಹೊತ್ತದ್ದು ಬೇಡ, ಅಂಗೈಗಿಂತ ಸಣ್ಣದು ಬೇಡ ಎಂದು ನಾಲ್ಕು ಗಿರಾಕಿ ಹೇಳಿದರೆ ಐದನೆಯ ದಿನ ಬುಟ್ಟಿಯಲ್ಲಿ ಅದು ಇರುವುದಿಲ್ಲ.

ವಿಡಿಯೋದ ಏಡಿಯ ಊರಿನಲ್ಲಿ ಏನಾಯಿತು ಎಂದೂ ಕೇಳಿ. ಅಲಾಸ್ಕಾದಲ್ಲಿ ಗಂಡು ಏಡಿಯನ್ನು ಮಾತ್ರ ಇಟ್ಟುಕೊಳ್ಳಬೇಕು, ಅದೂ ಗೊತ್ತಾದ ಅಳತೆ ದಾಟಿದ್ದನ್ನು. ಹೆಣ್ಣು ಬಲೆಗೆ ಬಂದರೆ ಸಮುದ್ರಕ್ಕೇ ವಾಪಸು. ಇಷ್ಟು ಶಿಸ್ತಿದ್ದೂ 2022ರಲ್ಲಿ ಬೇರಿಂಗ್ ಸಮುದ್ರದಲ್ಲಿ ಸ್ನೋ ಏಡಿ ಹಿಡಿಯುವುದನ್ನು ಮೊದಲ ಬಾರಿಗೆ ಪೂರ್ತಿ ನಿಲ್ಲಿಸಬೇಕಾಯಿತು. 2018ರಿಂದ ಮೂರ್ನಾಲ್ಕು ವರ್ಷದಲ್ಲಿ ಸುಮಾರು 1,000 ಕೋಟಿ ಏಡಿ ಕಾಣೆಯಾಗಿದ್ದವು. ಸಮುದ್ರ ಬಿಸಿಯಾಗಿ, ಬಿಸಿ ನೀರಿನಲ್ಲಿ ಹಸಿವು ಹೆಚ್ಚಿ, ತಿನ್ನಲು ಸಾಲದೆ ಸತ್ತವು ಎಂದು ವಿಜ್ಞಾನಿಗಳು 2023ರಲ್ಲಿ ಬರೆದರು. ಬ್ರಿಸ್ಟಲ್ ಕೊಲ್ಲಿಯ ಕೆಂಪು ಕಿಂಗ್ ಏಡಿಯ ಹಂಗಾಮನ್ನೂ 2021 ಮತ್ತು 2022ರಲ್ಲಿ ಮುಚ್ಚಿದ್ದರು. ನಿಯಮ ಪಾಲಿಸಿದವರ ಗತಿಯೇ ಇದಾದರೆ, ನಿಯಮವೇ ಇಲ್ಲದ ನಮ್ಮ ಅಳಿವೆಯ ಬಗ್ಗೆ ಯೋಚಿಸಿ.

ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟ ಸಿಕ್ಕಿತು. ಫಲಕ ಹಾಕುವುದು ಸುಲಭ. ಏಡಿಗೆ ಬೇಕಿರುವುದು ಕೆಸರು, ಕಾಂಡ್ಲಾ, ಉಪ್ಪು ಮತ್ತು ಸಿಹಿನೀರು ಬೆರೆಯುವ ಗಜನಿ. ಹಿಂದೆ ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುತ್ತಿತ್ತು, ಕೊಯ್ಲಿನ ಆಚೆ ಏಡಿ, ಸಿಗಡಿ ತಾನಾಗಿ ಬರುತ್ತಿತ್ತು. ಗಜನಿಗಳು ಸಿಗಡಿ ಗುತ್ತಿಗೆಗೆ ಹೋದಲ್ಲೆಲ್ಲ ಊರಿನವರಿಗೆ ಇಳಿಯಲೂ ಕೇಳಬೇಕಾದ ಸ್ಥಿತಿ ಬಂತು. ಅಂಬಿಗರು, ಹರಿಕಂತ್ರರು, ಹಾಲಕ್ಕಿಗಳು ತಲೆತಲಾಂತರದಿಂದ ಕೈಯಾಡಿಸಿದ ಕೆಸರು ಅದು.

ಇನ್ನು ದೊಡ್ಡ ಏಡಿ ಎಲ್ಲಿ ಹೋಗುತ್ತದೆ ಎಂದು ನಿಮಗೂ ಗೊತ್ತು. ದಾರ ಬಿಗಿದು, ಒದ್ದೆ ಗೋಣಿ ಮುಚ್ಚಿ, ಜೀವಂತವಾಗಿ ಗೋವಾ, ಮುಂಬೈ, ಅಲ್ಲಿಂದ ವಿಮಾನದಲ್ಲಿ ಸಿಂಗಾಪುರ, ಚೀನಾ ಕಡೆಗೆ. ಮುಂಬೈಯ ಮೀನು ಹೋಟೆಲುಗಳಲ್ಲಿ ಬೆಣ್ಣೆ, ಮೆಣಸು, ಬೆಳ್ಳುಳ್ಳಿ ಹಾಕಿದ ಒಂದು ಏಡಿಗೆ ಕೊಡುವ ಬಿಲ್ಲಿನಲ್ಲಿ ನಮ್ಮ ಕಡೆ ಒಂದು ವಾರದ ದಿನಸಿ ಬರುತ್ತದೆ. ಅದನ್ನು ಬಿಲದಿಂದ ಎಳೆದವರ ಕೈಗೆ ಬಂದದ್ದು ದಲ್ಲಾಳಿ ಹೇಳಿದ ದರ. ಮತ್ತೆ ಇದೇ ಏಡಿಯನ್ನು ನಮ್ಮವರು ಮನೆಯಲ್ಲಿ ಸಾರು ಮಾಡಿ ತಿಂದರೆ, ಶಾಲೆಯಲ್ಲಿ ಪಕ್ಕದ ಮಗು ಮೂಗು ಮುಚ್ಚಿಕೊಳ್ಳುತ್ತದೆ. ಬೆಣ್ಣೆ ಸವರಿ ಫೋಟೋ ತೆಗೆದರೆ ಅದೇ ಏಡಿಗೆ ಗೌರವ ಬಂದುಬಿಡುತ್ತದೆ. ನನಗೆ ಇದು ನಗು ತರಿಸುವುದಿಲ್ಲ. ಆದರೆ ಆ ಗೌರವದ ಒಂದು ಪಾಲು ಹಿಡಿದವರ ಕೈಗೆ ಬರುವುದಾದರೆ ಬೆಣ್ಣೆ ಸವರಲು ನನ್ನ ಅಡ್ಡಿಯಿಲ್ಲ.

ಅದಕ್ಕೆ ಒಂದು ಸುಲಭದ ದಾರಿ ಇದೆ. ಒಂದು ಇಕ್ಕಳ ಮುರಿದ, ಕಾಲು ಕಳೆದುಕೊಂಡ ಏಡಿಯನ್ನು ಹೊರಗೆ ಕಳಿಸುವವರು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೂ ದರ ಇಳಿಸುತ್ತಾರೆ. ರುಚಿಯಲ್ಲಿ ಏನೂ ವ್ಯತ್ಯಾಸ ಇಲ್ಲ. ಮನೆಯ ಕೆಂಡಕ್ಕೆ ಅಂಥದ್ದನ್ನೇ, ದಲ್ಲಾಳಿ ಕೊಡುವುದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟು, ಹಿಡಿದವರಿಂದಲೇ ಕೊಳ್ಳಿ. ಕೊಳ್ಳುವಾಗ ಕಾಲಿನ ಬುಡದ ಹತ್ತಿರ ಹೊಟ್ಟೆಯ ಚಿಪ್ಪು ಒತ್ತಿ ನೋಡಿ. ಒಳಗೆ ಹೋದರೆ ಅದು ಆಗಷ್ಟೇ ಚಿಪ್ಪು ಕಳಚಿದ್ದು, ಒಳಗೆ ಬರೀ ನೀರು. ಅಂಥದ್ದನ್ನು ಗೂಡಿನಲ್ಲಿಟ್ಟು, ಸಣ್ಣ ಮೀನು ಹಾಕಿ ಮೂರು ನಾಲ್ಕು ವಾರ ಮೇಯಿಸಿದರೆ ತುಂಬಿಕೊಳ್ಳುತ್ತದೆ. ಇದನ್ನೇ ಕಸುಬು ಮಾಡಿಕೊಂಡವರೂ ಇದ್ದಾರೆ. ಸಾಕಲು ಮರಿ ಬೇಕೆಂದರೆ ತಮಿಳುನಾಡಿನ ಸೀರ್ಕಾಳಿ ಕಡೆ ರಾಜೀವ್ ಗಾಂಧಿ ಜಲಕೃಷಿ ಕೇಂದ್ರದ ಏಡಿ ಮರಿ ಕೇಂದ್ರವಿದೆ. ಇಷ್ಟುದ್ದದ ಕರಾವಳಿ ಇಟ್ಟುಕೊಂಡು ನಾವು ಮರಿಗೆ ಅಷ್ಟು ದೂರ ನೋಡಬೇಕೇ ಎನ್ನುವುದು ಮೀನುಗಾರಿಕೆ ಸಚಿವರಿಗೆ ಕೇಳಬೇಕಾದ ಪ್ರಶ್ನೆ.

ಅದಕ್ಕಿಂತ ಕಡಿಮೆ ಖರ್ಚಿನದು ಇನ್ನೊಂದಿದೆ. ಥಾಯ್ಲೆಂಡಿನ ಮೀನುಗಾರ ಹಳ್ಳಿಗಳಲ್ಲಿ ಏಡಿ ಬ್ಯಾಂಕ್ ಎಂದು ಮಾಡಿಕೊಂಡಿದ್ದಾರೆ. ಬಲೆಯಲ್ಲಿ ಮೊಟ್ಟೆ ಹೊತ್ತ ಸಮುದ್ರ ಏಡಿ ಬಂದರೆ ಅದನ್ನು ಬ್ಯಾಂಕಿಗೆ ತಂದುಕೊಡುತ್ತಾರೆ. ಸಮುದ್ರದ ನೀರು ತುಂಬಿದ ತೊಟ್ಟಿಯಲ್ಲಿ, ಗಾಳಿ ಊದುವ ಪುಟ್ಟ ಯಂತ್ರ ಹಾಕಿ ಇಟ್ಟುಕೊಳ್ಳುತ್ತಾರೆ. ಮೊಟ್ಟೆ ಒಡೆದು ಮರಿಗಳು ಹೊರಬಂದ ಮೇಲೆ ಮರಿಗಳನ್ನು ಸಮುದ್ರಕ್ಕೆ ಬಿಟ್ಟು, ತಾಯಿಯನ್ನು ಮಾರುತ್ತಾರೆ. ಹಿಡಿದವರ ದುಡ್ಡು ಹೋಗುವುದಿಲ್ಲ, ಮರಿಯೂ ಉಳಿಯುತ್ತದೆ. ಅಕ್ಕ ನನ್ನನ್ನು ಕೇಳಿದ ಪ್ರಶ್ನೆಗೆ ನಾನು ಕಂಡ ಅತ್ಯಂತ ಹತ್ತಿರದ ಉತ್ತರ ಇದು. ಮೊಟ್ಟೆ ಕಪ್ಪಾಗಿದ್ದರೆ ಒಡೆಯಲು ಕೆಲವೇ ದಿನ ಬಾಕಿ ಎಂದರ್ಥ, ಹಾಗಾಗಿ ತಾಯಿಯ ದುಡ್ಡಿಗೆ ಬಹಳ ಕಾಯಬೇಕಾಗಿಯೂ ಇಲ್ಲ.

ತದಡಿ ಬಂದರಿನಲ್ಲಿ ಇದಕ್ಕೆ ಬೇಕಾದ್ದು ನಾಲ್ಕು ಪ್ಲಾಸ್ಟಿಕ್ ಡ್ರಮ್ಮು, ಒಂದು ಗಾಳಿ ಯಂತ್ರ, ಕರೆಂಟು, ಲೆಕ್ಕ ಬರೆಯಲು ಒಂದು ಪುಸ್ತಕ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕಚೇರಿ ಕಾರವಾರದಲ್ಲೇ ಇದೆ, ಹೇಗೆ ಎಂದು ತೋರಿಸಿಕೊಡುವವರು ದೂರವಿಲ್ಲ. ಮೀನುಗಾರರ ಸಹಕಾರ ಸಂಘದ ಮುಂದಿನ ಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು ಕೇಳಿದರೆ ಸಾಕು. ಸುಗ್ಗಿ ಮುಗಿಯುವುದರೊಳಗೆ ಕೇಳಿದರೆ ಒಳ್ಳೆಯದು, ಮಳೆ ಹಿಡಿದ ಮೇಲೆ ಡ್ರಮ್ಮಿನಲ್ಲಿ ಉಪ್ಪುನೀರು ಹದವಾಗಿ ಇಡುವುದು ಕಷ್ಟ.